ಎನಾಲ್ ಹುಡುಕಿದ ಮೇಷ್ಟ್ರು, ಮೂಸಿದ ನಾನು

ಆಸಿಡ್ ಮಾರುವವನ ಅಂಗಡಿಗೆ ನಗಲಿಕ್ಕೆ ಅಂತ ಯಾರೂ ಬರೋದಿಲ್ಲ. ಬಂದವರು ಮೂಗು ಮುಚ್ಚಿಕೊಂಡು ಬರುತ್ತಾರೆ, ಕಣ್ಣು ಒರೆಸಿಕೊಂಡು ಹೋಗುತ್ತಾರೆ. ಆದರೂ ಮೂವತ್ತೈದು ವರ್ಷದಲ್ಲಿ ನಗೆಪಾಟಲಾಗುವಂಥದ್ದು ತಿಂಗಳಿಗೊಂದಾದರೂ ನಡೆದೇ ನಡೆದಿದೆ. ನಡೆದಾಗ ನಗು ಬಂದದ್ದು ಕಡಿಮೆ. ಆಮೇಲೆ, ಅಂಗಡಿ ಬಾಗಿಲು ಎಳೆದು ಮನೆ ಕಡೆ ಹೊರಟಾಗ ಬಂದದ್ದೇ ಹೆಚ್ಚು.

ದಾವಣಗೆರೆಯಲ್ಲಿ ನನ್ನದು ಕೆಮಿಕಲ್ ಅಂಗಡಿ. ಕಾಲೇಜುಗಳ ಲ್ಯಾಬಿಗೆ ಬಾಟ್ಲಿ, ಹರಿಹರದ ಕಡೆಯ ಸಣ್ಣ ಕಾರ್ಖಾನೆಗಳಿಗೆ ಡ್ರಮ್ಮುಗಟ್ಟಲೆ ಸಾಲ್ವೆಂಟು, ಬಂಗಾರದ ಕೆಲಸದವರಿಗೆ ಆಸಿಡ್ಡು. ಇಲ್ಲಿ ಬರೆದಿರೋದೆಲ್ಲ ಒಬ್ಬರೇ ಗಿರಾಕಿಯ ಸುತ್ತ ನಡೆದದ್ದು. ನನ್ನ ಅಂಗಡಿಯಲ್ಲಿ ಮಾತ್ರ ಅಲ್ಲ, ಭೂಮಿ ಮೇಲಿನ ಯಾವ ಅಂಗಡಿಯಲ್ಲೂ ಸಿಗದ ಸರಕನ್ನು ಕೇಳಿಕೊಂಡು ಬಂದವರು ಅವರೊಬ್ಬರೇ.

೧. ಲೇಬಲ್ಲಿನ ಮೇಲೆ ಇಲ್ಲದ್ದು

ಅವರು ಹರಿಹರದ ಒಂದು ಡಿಗ್ರಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕರು. ಹದಿನಾರು ವರ್ಷದಿಂದ ಅತಿಥಿ. ವರ್ಷಕ್ಕೊಮ್ಮೆ ಪಟ್ಟಿ ಬರುತ್ತೆ, ಅದರಲ್ಲಿ ಹೆಸರಿದ್ದರೆ ಆ ವರ್ಷ ಊಟ. ವಯಸ್ಸು ನಲವತ್ತೆಂಟು. ಅರ್ಹತಾ ಪರೀಕ್ಷೆಯನ್ನು ಐದು ಸಲ ಬರೆದು, ಐದು ಸಲವೂ ದಡ ಮುಟ್ಟೋದಕ್ಕೆ ಮೊದಲೇ ವಾಪಸ್ ಬಂದಿದ್ದರು. ಇನ್ನು ಮೇಲೆ ಪಿಎಚ್‌ಡಿ ಇಲ್ಲದವರ ಹೆಸರು ಪಟ್ಟಿಗೆ ಸೇರೋದಿಲ್ಲ ಅಂತ ಕಾಲೇಜಿನಲ್ಲಿ ಹೇಳಿದ್ದರು. ಹಾಗಾಗಿ ಮೇಷ್ಟ್ರು ಪಿಎಚ್‌ಡಿಗೆ ಕೂತಿದ್ದರು. ಅವರಿಗೆ ಅದು ಡಾಕ್ಟರ್ ಅನ್ನಿಸಿಕೊಳ್ಳೋ ಆಸೆ ಅಲ್ಲ. ಕೆಲಸ ಉಳಿಸಿಕೊಳ್ಳೋ ದಾರಿ.

ಮೊದಲ ದಿನ ಬಂದು ಅಸಿಟಿಕ್ ಆಮ್ಲದಲ್ಲಿ ಅತ್ಯಂತ ಶುದ್ಧವಾದ ಸಣ್ಣ ಬಾಟ್ಲಿ ಕೇಳಿದರು. ಕೊಟ್ಟೆ. ಲೇಬಲ್ಲನ್ನು ಜಾತಕ ಓದುವ ಹಾಗೆ ಓದತೊಡಗಿದರು.

"ಏನು ಹುಡುಕ್ತೀರಿ ಮೇಷ್ಟ್ರೇ? ಡೇಟು ಸರಿ ಐತೆ."

"ಇದರ ಎನಾಲ್ ರೂಪ."

"ಅದು ಬೇರೆ ಸರಕೇನ್ರಿ?"

"ಇದೇ ಸರಕು. ಈ ಆಮ್ಲದ ಒಂದೊಂದು ಕಣದಾಗೂ ಇಂಗಾಲದ ಮೇಲೆ ಹೈಡ್ರೋಜನ್ ಕೂತಿರ್ತೈತೆ. ಒಂದು ಹೈಡ್ರೋಜನ್ ಎದ್ದು ಹೋಗಿ ಪಕ್ಕದ ಆಮ್ಲಜನಕದ ಮೇಲೆ ಕೂತ್ರೆ ಅದು ಎನಾಲ್ ರೂಪ."

"ಯಾಕ ಎದ್ದು ಹೋಗ್ತೈತ್ರಿ?"

"ಹೋಗಂಗಿಲ್ಲ. ಅದೇ ತೊಂದರೆ. ಹೋದ್ರೂ ನಿಲ್ಲಂಗಿಲ್ಲ, ತಕ್ಷಣ ವಾಪಸ್ ಬರ್ತೈತೆ."

ಸರ್ಕಾರಿ ಆಫೀಸಿನಲ್ಲಿ ಕುರ್ಚಿ ಬಿಟ್ಟು ಏಳದ ಮನುಷ್ಯರನ್ನು ನೋಡಿದವನು ನಾನು. ಅರ್ಥವಾಯಿತು. "ಅಂದ್ರೆ ಇದರಾಗೆ ಆ ರೂಪ ಎಷ್ಟು ಐತ್ರಿ?" ಅಂದೆ.

"ಒಂದು ಅಂತ ಬರೆದು ಮುಂದೆ ಹತ್ತೊಂಬತ್ತೋ ಇಪ್ಪತ್ತೋ ಸೊನ್ನೆ ಹಾಕ್ರಿ. ಅಷ್ಟು ಕಣ ಎಣಿಸಿದ್ರೆ ಅದರಾಗೆ ಒಂದು. ಹತ್ತೊಂಬತ್ತೋ ಇಪ್ಪತ್ತೋ ಅನ್ನೋದೇ ನನ್ನ ಪಿಎಚ್‌ಡಿ. ಈ ಆಮ್ಲದ್ದು, ಮತ್ತೆ ಇದರ ಎಸ್ಟರ್‌ಗಳದ್ದು."

ನಮ್ಮ ವ್ಯಾಪಾರದಲ್ಲಿ ಒಂದು ಸೊನ್ನೆ ತಪ್ಪಿದರೆ ಅಂಗಡಿಗೆ ಬೀಗ. ಇವರಿಗೆ ಒಂದೇ ಸೊನ್ನೆ ಆಚೀಚೆ ಆದರೆ ಗೆದ್ದ ಹಾಗೆ. ನಾನು ಬಾಟ್ಲಿಯನ್ನು ಕಾಗದದಲ್ಲಿ ಸುತ್ತಿ ಕೊಡುತ್ತಾ ಹೇಳಿದೆ: "ಇಷ್ಟು ವರ್ಷದಿಂದ ಇದನ್ನ ಮಾರೀನಿ, ಎನಾಲ್ ಸೇರೈತೆ ಅಂತ ಯಾರೂ ವಾಪಸ್ ತಂದಿಲ್ಲ. ನೀವೂ ಹೊರಗೆ ಹೇಳಬ್ಯಾಡ್ರಿ, ಇನ್‌ಸ್ಪೆಕ್ಟರ್ ಬರ್ತಾರೆ."

೨. ಬಣ್ಣ ಬರಲಿಲ್ಲ

ಒಂದು ದಿನ ಆ ಕಾಲೇಜಿಗೆ ಬೀಕರುಗಳ ಪೆಟ್ಟಿಗೆ ತಗೊಂಡು ಹೋಗಿದ್ದೆ. ಅದೇ ಹೊತ್ತಿಗೆ ಪ್ರಿನ್ಸಿಪಾಲರು ಲ್ಯಾಬಿಗೆ ಬಂದರು. ಅವರ ವಿಷಯ ಇತಿಹಾಸ. ಯಾವ ಅತಿಥಿ ಏನು ಸಂಶೋಧನೆ ಮಾಡ್ತಿದ್ದಾನೆ ಅಂತ ನೋಡಿ ಮೇಲಿನವರಿಗೆ ಬರೆಯಬೇಕಿತ್ತಂತೆ.

ಮೇಷ್ಟ್ರು ಎರಡು ಪ್ರನಾಳ ಇಟ್ಟರು. ಒಂದರಲ್ಲಿ ಅಸಿಟೋಅಸಿಟಿಕ್ ಎಸ್ಟರ್. ಅದರೊಳಗೆ ಫೆರಿಕ್ ಕ್ಲೋರೈಡ್ ದ್ರಾವಣ ಎರಡು ಹನಿ ಬಿಟ್ಟರು. ನೇರಳೆ ಹಣ್ಣು ಹಿಚುಕಿದ ಹಾಗೆ ಬಣ್ಣ ಎದ್ದು ಬಂತು. ಪ್ರಿನ್ಸಿಪಾಲರ ಮುಖ ಅರಳಿತು.

"ಇದು ಎನಾಲ್ ಇರೋದಕ್ಕೆ ಸಾಕ್ಷಿ ಸರ್," ಅಂದರು ಮೇಷ್ಟ್ರು.

"ಬಹಳ ಚೆನ್ನಾಗೈತೆ. ಇದೇ ಅಲ್ವಾ ನಿಮ್ಮ ವಿಷಯ?"

"ಅಲ್ಲ ಸರ್. ಇದು ನನ್ನ ವಿಷಯ." ಇನ್ನೊಂದು ಪ್ರನಾಳದಲ್ಲಿ ನನ್ನ ಅಂಗಡಿಯ ಎಥೈಲ್ ಅಸಿಟೇಟ್ ಇತ್ತು, ಅಸಿಟಿಕ್ ಆಮ್ಲದ್ದೇ ಒಂದು ಎಸ್ಟರ್, ನಾನು ಡ್ರಮ್ಮುಗಟ್ಟಲೆ ಮಾರುವ ಸಾಲ್ವೆಂಟು. ಅದಕ್ಕೂ ಎರಡು ಹನಿ ಬಿಟ್ಟರು. ಮೂವರೂ ಬಗ್ಗಿ ನೋಡಿದೆವು. ಫೆರಿಕ್ ಕ್ಲೋರೈಡಿನದ್ದೇ ಒಂದಿಷ್ಟು ಹಳದಿ ತಳದಲ್ಲಿ ನಿಂತಿತು, ಅಷ್ಟೇ. ಇನ್ನೂ ಸ್ವಲ್ಪ ಹೊತ್ತು ನೋಡಿದೆವು. ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದರು.

"ಏನೂ ಬರಲಿಲ್ಲವಲ್ರಿ."

"ಬರಂಗಿಲ್ಲ ಸರ್. ಇದರಾಗೆ ಎನಾಲ್ ಎಷ್ಟು ಕಮ್ಮಿ ಅಂದ್ರೆ, ಬಣ್ಣಕ್ಕೆ ಸಿಗಂಗಿಲ್ಲ. ಎಷ್ಟು ಕಮ್ಮಿ ಅನ್ನೋದನ್ನೇ ನಾನು ಅಂದಾಜು ಮಾಡ್ತಿರೋದು."

ಪ್ರಿನ್ಸಿಪಾಲರು ನೇರಳೆ ಪ್ರನಾಳದ ಕಡೆ ಆಸೆಯಿಂದ ನೋಡಿದರು. "ಬಣ್ಣ ಬರೋದ್ರ ಮೇಲೇ ಮಾಡಬಹುದಿತ್ತಲ್ಲ?"

"ಅದರ ಮೇಲೆ ಎಲ್ಲರೂ ಮಾಡಿ ಮುಗಿಸ್ಯಾರೆ ಸರ್. ನನ್ನ ಪಾಲಿಗೆ ಇದು ಉಳೀತು."

ಪ್ರಿನ್ಸಿಪಾಲರು ಡೈರಿ ತೆಗೆದು ಬರೆದುಕೊಂಡರು. ನಾನು ಪಕ್ಕದಲ್ಲೇ ಇದ್ದೆ, ಕಣ್ಣು ಹಾಯಿಸಿದೆ: 'ಸಂಶೋಧನೆ ಪ್ರಗತಿಯಲ್ಲಿದೆ. ಏನೂ ಕಂಡುಬಂದಿಲ್ಲ.'

೩. ಐತೋ ಇಲ್ಲವೋ

ಮೇಷ್ಟ್ರ ಮನೆ ದಾವಣಗೆರೆಯಲ್ಲೇ. ಅವರ ಹೆಂಡತಿ ಮನೆಯಲ್ಲಿ ಸೀರೆಗೆ ಫಾಲ್ ಹೊಲಿಯುತ್ತಾರೆ. ಒಂದು ಮಧ್ಯಾಹ್ನ ಮಾರ್ಕೆಟ್ಟಿನಿಂದ ದಾರದ ಉಂಡೆಗಳ ಚೀಲ ಹಿಡಿದುಕೊಂಡು ನಮ್ಮ ಅಂಗಡಿಗೆ ಬಂದರು. ಒಳಗೆ ಬರಲಿಲ್ಲ, ಹೊಸ್ತಿಲ ಹತ್ತಿರವೇ ನಿಂತು ಸೆರಗನ್ನು ಮೂಗಿಗೆ ಹಿಡಿದುಕೊಂಡರು.

"ಅಣ್ಣಾರೆ, ಒಂದು ಮಾತು ಕೇಳ್ತೀನಿ, ನಿಜ ಹೇಳ್ರಿ. ನಮ್ಮನಿಯವರು ಆರು ವರ್ಷದಿಂದ ಒಂದು ಸರಕು ಹುಡುಕಾಕತ್ಯಾರೆ. ಅದು ನಿಜವಾಗಿ ಐತೇನ್ರಿ?"

ಆ ಹೆಣ್ಣುಮಗಳ ಕಣ್ಣಲ್ಲಿ ಇದ್ದದ್ದು ತಮಾಷೆ ಅಲ್ಲ. ಆರು ವರ್ಷದಿಂದ ಒಂದು ಹಬ್ಬಕ್ಕೂ ತವರಿಗೆ ಹೋಗಿಲ್ಲ, ಆನಗೋಡು ಎಷ್ಟು ದೂರ ಹೇಳ್ರಿ ಅಂದರು. ರಜೆ ಬಂದರೆ ಮೇಷ್ಟ್ರಿಗೆ ಲ್ಯಾಬು. ಪಟ್ಟಿಯಿಂದ ಹೆಸರು ಬಿದ್ದು ಹೋದರೆ ಫಾಲ್ ಹೊಲಿದು ಸಂಸಾರ ನಡೆಯೋದಿಲ್ಲ ಅಂದರು. ಇದೆಲ್ಲ ಅವರು ಅಳದೆ, ಬೆಲೆ ವಿಚಾರಿಸುವ ದನಿಯಲ್ಲೇ ಹೇಳಿದರು.

"ಐತಮ್ಮಾ," ಅಂದೆ. "ಬಹಳ ಕಮ್ಮಿ."

"ಎಷ್ಟು ಕಮ್ಮಿ? ಅವರ ಪಗಾರದಷ್ಟಾ?"

"ಅದಕ್ಕಿಂತ ಕಮ್ಮಿ."

ಅವರು ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. "ಹಂಗಾದ್ರೆ ಇಲ್ಲ ಅನ್ರಿ," ಅಂದು ಹೊರಟು ಹೋದರು.

೪. ನನ್ನ ಫ್ರಿಜ್ಜು

ಎನಾಲ್ ಹಿಡಿಯಲಿಕ್ಕೆ ಆಗೋದಿಲ್ಲ ಅಂದ ಮೇಲೆ ಅದರ ಅಂದಾಜು ಹೇಗೆ ಮಾಡ್ತೀರಿ ಅಂತ ಒಮ್ಮೆ ಕೇಳಿದ್ದೆ. ಮೇಷ್ಟ್ರು ನನ್ನ ಗೋಡೌನಿನ ಅಟ್ಟ ತೋರಿಸಿದರು. "ಅಲ್ಲಿಂದ ಒಂದು ಚೀಲ ಬಿದ್ರೆ, ಕಣ್ಣು ಮುಚ್ಕೊಂಡು ಬರೀ ಸದ್ದು ಕೇಳಿ, ಎಷ್ಟು ಎತ್ತರದಿಂದ ಬಿತ್ತು ಅಂತ ಹೇಳ್ತೀರಾ?"

"ಹೇಳ್ತೀನಿ. ಯಾವ ಚೀಲ ಅಂತನೂ ಹೇಳ್ತೀನಿ."

"ಹಂಗೆ. ಎನಾಲ್‌ನಾಗೆ ಓಡಾಡೋ ಹೈಡ್ರೋಜನ್ ಇರ್ತೈತಲ್ಲ, ಅದರ ಜಾಗಕ್ಕೆ ಒಂದು ಎಥೈಲ್ ಗುಂಪು ಕೂರಿಸ್ತೀನಿ. ಅದು ಎದ್ದು ಓಡಂಗಿಲ್ಲ. ಅದಕ್ಕೆ ಕೀಟೀನ್ ಅಸಿಟಾಲ್ ಅಂತಾರೆ, ಬಾಟ್ಲಿಯಾಗೆ ನಿಲ್ತೈತೆ. ಆಮೇಲೆ ನೀರು ಕೊಟ್ಟು ಅದನ್ನ ಕೆಳಗೆ ಬೀಳಿಸ್ತೀನಿ. ಬಿದ್ದಾಗ ಎಷ್ಟು ಶಾಖ ಬಂತು ಅಂತ ಅಳೆದ್ರೆ ಎಷ್ಟು ಎತ್ತರದಾಗೆ ಇತ್ತು ಅಂತ ಗೊತ್ತಾಗ್ತೈತೆ. ಅಲ್ಲಿಂದ ಲೆಕ್ಕ ಹಾಕಿ ಎನಾಲ್‌ನ ಎತ್ತರ."

ಆ ಕೀಟೀನ್ ಅಸಿಟಾಲನ್ನು ಮಾಡಲಿಕ್ಕೆ ಅವರಿಗೆ ಎರಡು ವರ್ಷ ಹಿಡಿಯಿತು. ಕೊನೆಗೆ ಮೂರು ಚಮಚೆಯಷ್ಟು ಆಯಿತು. ಅಷ್ಟರಲ್ಲಿ ಕಾಲೇಜಿನ ಫ್ರಿಜ್ಜು ಸುಟ್ಟು ಹೋಯಿತು. ಅಳತೆಗೆ ಪಿಎಚ್‌ಡಿ ಗೈಡ್ ಎದುರಿಗೇ ಇರಬೇಕು, ಅವರಿಗೋ ಕಣ್ಣಿನ ಆಪರೇಷನ್. ಮೇಷ್ಟ್ರು ಬೆರಳುದ್ದದ ಬಾಟ್ಲಿಯನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಅಂಗಡಿಗೆ ತಂದರು. ಮುಚ್ಚಳದ ಸುತ್ತ ಮೇಣ ಹಚ್ಚಿ ಟೇಪು ಸುತ್ತಿತ್ತು.

"ಮೂರು ವಾರ ನಿಮ್ಮ ಫ್ರಿಜ್ಜಿನಾಗೆ ಇಟ್ಕೊಳ್ರಿ ಸಾವ್ಕಾರ್ರೇ. ಆಸಿಡ್ಡಿನ ಗಾಳಿ ಮಾತ್ರ ಸೋಕಬಾರದು. ಬರೀ ಗಾಜಿನ ಮೈಯಾಗಿನ ಹುಳಿನೇ ಇದನ್ನ ಕೆಡಿಸ್ತೈತೆ. ಅದಕ್ಕೇ ಬಾಟ್ಲಿನ ಕ್ಷಾರದಾಗೆ ತೊಳೆದೀನಿ."

"ಮೇಷ್ಟ್ರೇ, ಆಸಿಡ್ ಸೋಕಬಾರದು ಅಂದ್ರೆ ಆಸಿಡ್ ಅಂಗಡಿಗೆ ಯಾಕ ತಂದ್ರಿ?"

"ಮನಿಯಾಗಿಟ್ರೆ ನಮ್ಮಾಕಿ ಎಸೀತಾಳೆ. ನಿಮಗಾದ್ರೆ ಸರಕಿನ ಬೆಲೆ ಗೊತ್ತೈತೆ."

ಇಟ್ಟುಕೊಂಡೆ. ಮಜ್ಜಿಗೆ ತಂಬಿಗೆಯ ಪಕ್ಕ.

ಈಗ ನನ್ನ ದಂಧೆಯ ಒಂದು ರೂಢಿ ಹೇಳಬೇಕು. ನಾವು ಸಾಲ್ವೆಂಟು ಮಾರುವವರು ಲೇಬಲ್ಲನ್ನು ನಂಬೋದಿಲ್ಲ, ಮೂಗನ್ನು ನಂಬುತ್ತೇವೆ. ಡ್ರಮ್ಮು ಬಂದರೆ ಮುಚ್ಚಳ ತಿರುಗಿಸಿ ಮೂಸಿಯೇ ಇಳಿಸಿಕೊಳ್ಳೋದು. ಮೂಸದ ಸರಕು ನನ್ನ ಅಂಗಡಿಯಲ್ಲಿ ಒಂದು ಗಂಟೆ ಇದ್ದದ್ದಿಲ್ಲ. ಆ ಬಾಟ್ಲಿ ಮೂರು ದಿನ ಇತ್ತು. ಮೂರನೇ ದಿನ ಗ್ಲೇಸಿಯಲ್ ಅಸಿಟಿಕ್ ಆಸಿಡ್ಡನ್ನು ದೊಡ್ಡ ಕ್ಯಾನಿನಿಂದ ಸಣ್ಣ ಕ್ಯಾನಿಗೆ ಬಗ್ಗಿಸಿ, ಕೈ ಒರೆಸಿಕೊಂಡು, ಮಜ್ಜಿಗೆ ತಗೊಳ್ಳಲಿಕ್ಕೆ ಫ್ರಿಜ್ಜು ತೆಗೆದೆ. ಬಾಟ್ಲಿ ಕಣ್ಣಿಗೆ ಬಿತ್ತು. ಕೈ ತಾನಾಗಿ ಹೋಯಿತು. ಟೇಪು ಬಿಚ್ಚಿ, ಮೇಣ ಕೆರೆದು, ಮುಚ್ಚಳ ತೆಗೆದು ಮೂಸಿದೆ. ಮತ್ತೆ ಮುಚ್ಚಿಟ್ಟೆ. ಮೇಣ ಹೋದ ಮೇಲೆ ಮುಚ್ಚಳ ಸರಿಯಾಗಿ ಕೂರಲಿಲ್ಲ. ಟೇಪು ಸುತ್ತಿದರೆ ಯಾರಿಗೆ ಗೊತ್ತಾಗುತ್ತೆ ಅಂದುಕೊಂಡೆ.

ಹದಿನೆಂಟು ದಿನ ಕಳೆದು ಮೇಷ್ಟ್ರು ಬಂದರು. ಬಾಟ್ಲಿಯನ್ನು ಬೆಳಕಿಗೆ ಹಿಡಿದರು. ತಳದಲ್ಲಿ ಗೋಂದಿನ ಹಾಗೆ ಅಂಟು. ಮುಚ್ಚಳ ತೆಗೆದರು. ಅಂಗಡಿಯ ತುಂಬಾ ನೇಲ್ ಪಾಲಿಶಿನ ವಾಸನೆ. ಅದು ಯಾವುದರ ವಾಸನೆ ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಎಥೈಲ್ ಅಸಿಟೇಟ್. ಹುಳಿ ಸೋಕಿ, ಫ್ರಿಜ್ಜಿನ ತೇವ ಕುಡಿದು, ಎರಡು ವರ್ಷದ ಕೆಲಸ ನನ್ನ ಡ್ರಮ್ಮಿನ ಸರಕಾಗಿತ್ತು.

ಮೇಷ್ಟ್ರು ಸ್ಟೂಲು ಎಳೆದುಕೊಂಡು ಕೂತರು. "ಗಾಜು ನಾನೇ ಸರಿಯಾಗಿ ತೊಳೆದಿಲ್ಲ ಕಾಣ್ತೈತೆ," ಅಂದರು.

"ಒಂಚೂರು ಆಸಿಡ್ ಗಾಳಿ ಹೋದ್ರೂ ಹಿಂಗಾಗ್ತೈತೇನ್ರಿ?" ಅಂತ ಕೇಳಿದೆ, ಸುಮ್ಮನೆ ಕೇಳುವ ಹಾಗೆ.

"ಒಂದು ಉಸಿರು ಸಾಕು."

"ಹಂಗಾದ್ರೆ ಗಾಜೇ ಇರಬೇಕು," ಅಂದೆ.

ಇದನ್ನು ಬರೆಯುವಾಗ ನನಗೆ ಯಾವ ಹೆಮ್ಮೆಯೂ ಇಲ್ಲ. ಮೇಷ್ಟ್ರು ಎದ್ದು ಗೋಡೌನಿನ ಕಡೆ ನೋಡಿದರು. "ಎಥೈಲ್ ಅಸಿಟೇಟ್ ಈಗ ನಿಮ್ಮಲ್ಲಿ ಎಷ್ಟು ಐತೆ?"

"ಹನ್ನೆರಡು ಡ್ರಮ್ಮು."

ಅವರು ಬಾಟ್ಲಿಯನ್ನು ನನ್ನ ಮೇಜಿನ ಮೇಲಿಟ್ಟರು. "ಇದನ್ನೂ ಅದ್ರಾಗೇ ಸುರ್ಕೊಳ್ರಿ."

೫. ಪುಕ್ಕಟೆ

ಮತ್ತೆ ಮೊದಲಿಂದ ಮಾಡಲಿಕ್ಕೆ ಬೇಕಾದ ಸರಕು ನಮ್ಮ ಊರಲ್ಲಿ ಸಿಗುವಂಥದ್ದಲ್ಲ. ಎರಡು ಬಾಟ್ಲಿ ಹೈದರಾಬಾದಿನಿಂದ ತರಿಸಿದೆ. ಮೇಷ್ಟ್ರಿಗೆ, "ಕಂಪನಿಯವರು ಸ್ಯಾಂಪಲ್ ಅಂತ ಕಳಿಸ್ಯಾರೆ, ಇದನ್ನ ಮಾರೋ ಹಂಗಿಲ್ಲ, ತಗೊಂಡು ಹೋಗ್ರಿ" ಅಂದೆ. ಅವರ ಕಣ್ಣು ತುಂಬಿ ಬಂತು. ನಾನು ಬಿಲ್ಲಿನ ಪುಸ್ತಕವನ್ನು ಡ್ರಾಯರಿನೊಳಗೆ ತಳ್ಳಿದೆ. ಅವತ್ತಿನಿಂದ ಅವರು ನನ್ನನ್ನು ಸಾವ್ಕಾರ್ರೇ ಅನ್ನೋದು ಬಿಟ್ಟು ಅಣ್ಣಾರೆ ಅನ್ನತೊಡಗಿದರು.

ಅವರ ಗೈಡ್ ಹರಿಹರದಲ್ಲಿ ಇರುತ್ತಾರೆ, ನಿವೃತ್ತಿಯಾದ ಪ್ರೊಫೆಸರು. ಮೇಷ್ಟ್ರನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ ಬಿಡುವ ಕೆಲಸವನ್ನೂ ನಾನೇ ಹಚ್ಚಿಕೊಂಡೆ. ಗೈಡ್ ಕಪ್ಪು ಕನ್ನಡಕ ಹಾಕಿಕೊಂಡು ವರಾಂಡದಲ್ಲಿ ಕೂತಿರುತ್ತಿದ್ದರು. ಹೋದಾಗಲೆಲ್ಲ ನನ್ನೆದುರೇ ಮೇಷ್ಟ್ರಿಗೆ ಗಾಜು ತೊಳೆಯುವ ಬಗ್ಗೆ ಪಾಠ. "ಪಿಯುಸಿ ಹುಡುಗರಿಗೂ ಬಾಟ್ಲಿ ತೊಳೆಯಲಿಕ್ಕೆ ಬರ್ತೈತೆ. ನಿನಗೆ ಬರಲಿಲ್ಲ." ಮೇಷ್ಟ್ರು ತಲೆ ತಗ್ಗಿಸಿ ಹೂಂ ಅನ್ನುತ್ತಿದ್ದರು. ನಾನು ಅಲ್ಲಿದ್ದ ತುಳಸಿ ಗಿಡ ನೋಡುತ್ತಿದ್ದೆ. ಕೊನೆಗೆ ಗೈಡ್ ಹೇಳುತ್ತಿದ್ದದ್ದು ಯಾವಾಗಲೂ ಒಂದೇ: "ಬೇಗ ಮುಗಿಸಪ್ಪ. ಇನ್ನೊಂದು ಕಣ್ಣೂ ಮಂಜಾಗಾಕತ್ತೈತೆ. ಸಹಿ ಎಲ್ಲಿ ಮಾಡಬೇಕು ಅನ್ನೋದು ಕಾಣೋ ತನಕ ಮುಗಿಸು."

ಮನೆಯಲ್ಲಿ ನನ್ನ ಹೆಂಡತಿಗೆ ಅನುಮಾನ ಬಂತು. ಹೈದರಾಬಾದಿನ ಸರಕನ್ನು ಪುಕ್ಕಟೆ ಕೊಟ್ಟದ್ದು ಹೇಗೋ ಗೊತ್ತಾಗಿತ್ತು. ಊಟಕ್ಕೆ ಬಡಿಸುತ್ತಾ ನನ್ನ ಮುಖವನ್ನೇ ನೋಡಿದಳು.

"ಮೈಯಾಗೆ ಹುಷಾರಿಲ್ಲೇನ್ರಿ?"

"ಯಾಕ?"

"ಮದುವೆಯಾದಾಗಿಂದ ನೀವು ಯಾರಿಗೂ ಏನೂ ಪುಕ್ಕಟೆ ಕೊಟ್ಟಿದ್ದು ನಾ ನೋಡಿಲ್ಲ. ನಾಳೆ ಡಾಕ್ಟರ್ ಹತ್ರ ಹೋಗಿ ಬರ್ರಿ."

ಹೋದೆ. ಬಿಪಿ ನಿಜಕ್ಕೂ ಜಾಸ್ತಿ ಇತ್ತು.

೬. ಗೇಟಿನ ಹತ್ತಿರ

ಎರಡನೆಯ ಸಲದ್ದು ಎಂಟು ತಿಂಗಳಲ್ಲೇ ಆಯಿತು. ಆಗಿದ್ದೂ ಅಷ್ಟೇ, ಮೂರು ಚಮಚೆ. ಈ ಸಲ ಮೇಷ್ಟ್ರು ಅದನ್ನು ಎಲ್ಲಿಯೂ ಇಡಲಿಲ್ಲ. ಮಾಡಿದ ಮರುದಿನವೇ, ಭಾನುವಾರ, ಕಾಲೇಜಿನ ಲ್ಯಾಬಿನಲ್ಲಿ ಅಳತೆ. ಗೈಡನ್ನು ಕಾರಿನಲ್ಲಿ ತಂದು ಇಳಿಸಿದೆ.

"ಒಳಗೆ ಬರ್ರಿ ಅಣ್ಣಾರೆ," ಅಂದರು ಮೇಷ್ಟ್ರು. "ಇದರಾಗೆ ನಿಮ್ಮದೂ ಪಾಲು ಐತೆ."

ಆ ಮಾತು ಎಷ್ಟು ನಿಜ ಅಂತ ಅವರಿಗೆ ಗೊತ್ತಿರಲಿಲ್ಲ. ನಾನು ಅವತ್ತು ಎರಡು ಸಲ ಸ್ನಾನ ಮಾಡಿದ್ದೆ, ಮಗನ ಮದುವೆಗೆ ಹೊಲಿಸಿದ ಅಂಗಿ ಹಾಕಿದ್ದೆ. ಆದರೂ ನನ್ನ ಚರ್ಮದಿಂದ ಹುಳಿ ಹೋಗಿರುತ್ತೆ ಅಂತ ನನಗೇ ನಂಬಿಕೆ ಇರಲಿಲ್ಲ. "ಬ್ಯಾಡ್ರಿ, ನಾನು ಗೇಟಿನ ಹತ್ರ ಇರ್ತೀನಿ," ಅಂದೆ. ನನ್ನ ವಿನಯ ಕಂಡು ಮೇಷ್ಟ್ರು ಕೈ ಮುಗಿದು ಒಳಗೆ ಹೋದರು.

ಗೇಟಿನಲ್ಲಿ ವಯಸ್ಸಾದ ವಾಚ್‌ಮನ್ ಇದ್ದ. ಬಿಸಿಲು ಏರುತ್ತಿತ್ತು. ಆತ ನೆರಳಿಗೆ ಕರೆದು ಕುರ್ಚಿ ಕೊಟ್ಟ.

"ಒಳಗೆ ಯಾಕ ಹೋಗಲಿಲ್ರಿ ಯಜಮಾನ್ರೇ?"

"ನಾನು ಒಳಗೆ ಹೋಗೋ ಹಂಗಿಲ್ಲಪ್ಪ."

ಆತ ನನ್ನನ್ನು ನೋಡಿದ. ನನ್ನ ಮುಖ ಹೇಗಿತ್ತೋ ಏನೋ, ದನಿ ತಗ್ಗಿಸಿದ. "ಸೂತಕ ಏನ್ರಿ?"

ಇಲ್ಲ ಅನ್ನಬಹುದಿತ್ತು. ಆದರೆ ಒಂದು ವರ್ಷದಿಂದ ಯಾರಿಗೂ ಹೇಳದೆ ಇಟ್ಟುಕೊಂಡದ್ದು ನಾಲಿಗೆ ತುದಿಯಲ್ಲಿತ್ತು. "ಹಂಗೇ ಅನ್ನು," ಅಂದೆ.

"ಎಷ್ಟು ವಯಸ್ಸಾಗಿತ್ರಿ?"

"ಎರಡು ವರ್ಷ."

ವಾಚ್‌ಮನ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಕೂಸು," ಅಂದು ನಾಲಿಗೆ ಲೊಚಗುಟ್ಟಿದ. "ಏನಾಗಿತ್ರಿ?"

"ಗಾಳಿ ಸೋಕ್ತು."

"ನೋಡ್ಕೊಳ್ಳೋರು ಯಾರೂ ಇರಲಿಲ್ಲೇನ್ರಿ?"

"ನಾನೇ ಇದ್ದೆ."

ಆತ ಎದ್ದು ಹೋಗಿ ನನಗೆ ಕುಡಿಯಲಿಕ್ಕೆ ನೀರು ತಂದ. ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರು ಓಡುತ್ತಾ ಬಂದು, ನನ್ನ ಎರಡೂ ಕೈ ಹಿಡಿದು ನಗುತ್ತಾ, "ಬಿತ್ತು ಅಣ್ಣಾರೆ, ಚೆನ್ನಾಗಿ ಬಿತ್ತು, ಇಪ್ಪತ್ತು ಸೊನ್ನೆ" ಅಂದರು. ವಾಚ್‌ಮನ್ ಅವರನ್ನು ಪಕ್ಕಕ್ಕೆ ಕರೆದು ಗದರಿದ: "ಸ್ವಲ್ಪ ನಿಧಾನ ಮಾತಾಡ್ರಿ ಸಾರ್. ಅವರ ಮನಿಯಾಗೆ ಕೂಸು ಹೋಗೈತೆ."

ಮೇಷ್ಟ್ರು ಮರುದಿನ ಹೆಂಡತಿಯನ್ನೂ ಕರೆದುಕೊಂಡು ನಮ್ಮ ಮನೆಗೆ ಮಾತನಾಡಿಸಲಿಕ್ಕೆ ಬಂದರು. ಬಾಗಿಲು ತೆಗೆದ ನನ್ನ ಹೆಂಡತಿ, ಮೊಮ್ಮಗನನ್ನು ಸೊಂಟದ ಮೇಲಿಟ್ಟುಕೊಂಡು, ಯಾರು ಹೋದರು ಅಂತ ಅವರನ್ನೇ ಕೇಳಿದಳು.

೭. ಲೆಟರ್‌ಹೆಡ್

ಪ್ರಬಂಧ ಕೊಟ್ಟದ್ದಾಯಿತು. ಮೌಖಿಕ ಪರೀಕ್ಷೆ ಬಹಿರಂಗವಾಗಿ ನಡೆಯುತ್ತೆ, ಯಾರು ಬೇಕಾದರೂ ಕೂರಬಹುದು. ಮೇಷ್ಟ್ರ ಹೆಂಡತಿ ಬಂದಿದ್ದರು. ಗೈಡ್ ಕಪ್ಪು ಕನ್ನಡಕದಲ್ಲಿ ಮುಂದೆ ಕೂತಿದ್ದರು. ನಾನು ಹಿಂದಿನ ಸಾಲು. ಅತಿಥಿಗಳ ಹೊಸ ಪಟ್ಟಿಗೆ ಇನ್ನು ಒಂದು ತಿಂಗಳು ಇತ್ತು. ಅವತ್ತು ಶಿಫಾರಸು ಆದರೆ ಹೆಸರು ಸೇರುತ್ತೆ, ಇಲ್ಲದಿದ್ದರೆ ಹದಿನಾರು ವರ್ಷ ಅಲ್ಲಿಗೆ ಮುಗಿಯಿತು.

ಹೊರಗಿನಿಂದ ಬಂದ ಪರೀಕ್ಷಕರು ಸಣ್ಣ ದನಿಯವರು. ಸಣ್ಣ ದನಿಯ ಗಿರಾಕಿಗಳನ್ನು ಕಂಡರೆ ನನಗೆ ಯಾವಾಗಲೂ ಭಯ. ಅವರು ಪ್ರಬಂಧದ ಒಂದು ಪುಟ ತೆರೆದರು.

"ಮೊದಲನೆಯ ಸ್ಯಾಂಪಲ್ ಕೆಟ್ಟು ಹೋಯಿತು, ಕಾರಣ ಅಭ್ಯರ್ಥಿ ಗಾಜನ್ನು ಸರಿಯಾಗಿ ತೊಳೆಯದೆ ಇದ್ದದ್ದು ಅಂತ ಬರೆದಿದ್ದೀರಿ."

"ಹೌದು ಸರ್."

"ಎರಡನೆಯ ಸಲ ತೊಳೆದವರು ಯಾರು?"

"ನಾನೇ ಸರ್."

"ಹೇಗೆ ತೊಳೆದಿರಿ?"

"ಮೊದಲನೇ ಸಲ ತೊಳೆದ ಹಾಗೇ ಸರ್. ಅದಕ್ಕಿಂತ ಬೇರೆ ವಿಧಾನ ಇಲ್ಲ."

"ಹಾಗಾದರೆ ಎರಡನೆಯದೂ ಒಳಗೊಳಗೇ ಅರ್ಧ ಕೆಟ್ಟಿರಬಹುದಲ್ಲ? ಅರ್ಧ ಮೊದಲೇ ಕೆಳಗೆ ಬಿದ್ದಿದ್ದರೆ ಶಾಖ ಕಡಿಮೆ ಬಂದಿರುತ್ತದೆ. ನಿಮ್ಮ ಇಪ್ಪತ್ತು ಸೊನ್ನೆಯನ್ನು ನಾನು ಯಾಕೆ ನಂಬಬೇಕು?"

ಮೇಷ್ಟ್ರು ಗೈಡಿನ ಕಡೆ ನೋಡಿದರು. ಪರೀಕ್ಷಕರು ಪುಸ್ತಕ ಮುಚ್ಚಿ, ಬೇರೆ ಕೈಯಲ್ಲಿ ಮತ್ತೊಮ್ಮೆ ಅಳತೆ ಮಾಡಿಸಿ, ಆರು ತಿಂಗಳ ನಂತರ ನೋಡೋಣ ಅಂದರು. ಮೇಷ್ಟ್ರ ಹೆಂಡತಿ ಕೈಯಲ್ಲಿದ್ದ ಕರ್ಚೀಫನ್ನು ಮಡಚಿದರು, ಮತ್ತೆ ಮಡಚಿದರು, ಮಡಚಲಿಕ್ಕೆ ಏನೂ ಉಳಿಯಲಿಲ್ಲ.

ನಾನು ಎದ್ದು ನಿಂತೆ. ಯಾಕೆ ನಿಂತೆ ಅಂತ ಈಗಲೂ ಪೂರಾ ಗೊತ್ತಿಲ್ಲ. ನಷ್ಟ ಆಗುತ್ತೆ ಅಂತ ಗೊತ್ತಿದ್ದೂ ಮಾಡಿದ ವ್ಯಾಪಾರ ನನ್ನ ಜೀವನದಲ್ಲಿ ಅದೊಂದೇ.

"ಗಾಜು ಸರಿಯಾಗಿ ತೊಳೆದಿತ್ತು ಸಾರ್," ಅಂದೆ. "ಕೆಡಿಸಿದ್ದು ನಾನು."

"ನೀವು ಯಾರು?"

"ಆಸಿಡ್ ವ್ಯಾಪಾರಿ. ಬಾಟ್ಲಿ ನನ್ನ ಫ್ರಿಜ್ಜಿನಾಗೆ ಇತ್ತು."

"ಹೇಗೆ ಕೆಡಿಸಿದಿರಿ?"

"ಮೂಸಿ."

ಇಡೀ ಕೋಣೆ ನಕ್ಕಿತು. ಮೇಷ್ಟ್ರು ನಗಲಿಲ್ಲ. ಪರೀಕ್ಷಕರೂ ನಗಲಿಲ್ಲ, ಪೆನ್ನು ತೆಗೆದರು.

"ಮೂಸುವಾಗ ಕೈಗೆ ಏನಾದರೂ ಮೆತ್ತಿತ್ತೆ?"

"ಗ್ಲೇಸಿಯಲ್ ಅಸಿಟಿಕ್. ಆಗಷ್ಟೇ ಬಗ್ಗಿಸಿದ್ದೆ."

"ಸೀಲು?"

"ನಾನೇ ಒಡೆದೆ. ಆಮೇಲೆ ಮುಚ್ಚಳ ಸಡಿಲ ಕೂತಿತ್ತು."

"ಫ್ರಿಜ್ಜಿನಲ್ಲಿ ತೇವ?"

"ಮಜ್ಜಿಗೆ ಇತ್ತು, ಸಾರ್. ದಿನಾ ಕರೆಂಟ್ ಹೋಗ್ತಿತ್ತು."

"ಎಷ್ಟು ದಿನ ಹಾಗಿತ್ತು?"

"ಸೀಲು ಒಡೆದ ಮೇಲೆ ಹದಿನೆಂಟು."

ಪರೀಕ್ಷಕರು ಗೈಡಿನ ಕಡೆ ತಿರುಗಿ, "ಇವರ ಉತ್ತರಗಳು ಅಭ್ಯರ್ಥಿಯ ಉತ್ತರಗಳಿಗಿಂತ ಸ್ಪಷ್ಟವಾಗಿವೆ," ಅಂದರು. ಗೈಡ್ ಕನ್ನಡಕ ತೆಗೆದು ನಾನು ಇರುವ ದಿಕ್ಕಿಗೆ ನೋಡಿದರು. ಸರಿಯಾಗಿ ಕಂಡೆನೋ ಇಲ್ಲವೋ ಗೊತ್ತಿಲ್ಲ. "ಒಂದು ವರ್ಷ ಇವನಿಗೆ ಬಾಟ್ಲಿ ತೊಳೆಯೋದು ಕಲಿಸಿದೀನಲ್ಲಪ್ಪ," ಅಂದರು.

ತೀರ್ಮಾನ ಹೀಗಾಯಿತು: ಸ್ಯಾಂಪಲ್ ಹೇಗೆ ಕೆಟ್ಟಿತು ಅಂತ ನಾನು ನನ್ನ ಅಂಗಡಿಯ ಲೆಟರ್‌ಹೆಡ್ಡಿನ ಮೇಲೆ, ಸೀಲು ಹಾಕಿ, ಸಹಿ ಮಾಡಿ ಬರೆದುಕೊಡಬೇಕು. ಅದನ್ನು ಪ್ರಬಂಧದ ಕೊನೆಗೆ ಅನುಬಂಧವಾಗಿ ಹೊಲಿಯಬೇಕು. ಹಾಗಾದರೆ ಶಿಫಾರಸು.

ವಾಪಸ್ ಬರುವಾಗ ಗೈಡೂ ಸೇರಿ ಕಾರಿನಲ್ಲಿ ನಾಲ್ಕು ಜನ ಇದ್ದೆವು, ಮೇಷ್ಟ್ರು ನನ್ನ ಪಕ್ಕ ಬಿಟ್ಟು ಹಿಂದಿನ ಸೀಟಿನಲ್ಲಿ ಕೂತರು. ಆ ಪತ್ರ ಹೋಯಿತು, ಪದವಿ ಬಂತು, ಪಟ್ಟಿಯಲ್ಲಿ ಹೆಸರೂ ಬಂತು. ನಮ್ಮ ಸಾಲಿನ ಅಂಗಡಿಗಳಿಗೆಲ್ಲ ಮೇಷ್ಟ್ರು ಪೇಡೆ ಹಂಚಿದರು, ನನ್ನ ಅಂಗಡಿಯೊಂದನ್ನು ದಾಟಿಕೊಂಡು ಹೋದರು. ಈಗ ಅಸಿಟಿಕ್ ಆಮ್ಲವನ್ನು ಬೇರೆ ಕಡೆ ತಗೊಳ್ಳುತ್ತಾರೆ. ತಪ್ಪು ಅನ್ನಲಾರೆ.

ಅವರು ನನ್ನ ಅಂಗಡಿಯೊಳಗೆ ಕೊನೆಯ ಸಲ ಬಂದದ್ದು ಆ ಪತ್ರ ತಗೊಂಡು ಹೋಗಲಿಕ್ಕೆ, ಮೌಖಿಕ ಪರೀಕ್ಷೆಯ ಮರುದಿನ ಬೆಳಿಗ್ಗೆ. ಕೂಡ್ರಿ ಅಂದೆ, ಕೂರಲಿಲ್ಲ. ಪತ್ರವನ್ನು ನಿಂತೇ ಓದಿದರು. ಜೇಬಿನಿಂದ ಪೆನ್ನು ತೆಗೆದರು.

"'ಮೂಸಿದೆ' ಅಂತ ಬರೆದೀರಿ. ಎಷ್ಟು ಸಲ ಅಂತ ಬರೆದಿಲ್ಲ."

"ಒಂದು ಸಲ ಅಂತ ಹಾಕ್ಕೊಳ್ರಿ."

ಅವರು ಹಾಕಿಕೊಳ್ಳಲಿಲ್ಲ. "ಇದು ಪ್ರಬಂಧದಾಗೆ ಹೋಗ್ತೈತೆ, ಸಾವ್ಕಾರ್ರೇ. ಲೈಬ್ರರಿಯಾಗೆ ಇರ್ತೈತೆ. ಸುಳ್ಳು ಇರಬಾರದು."

ನಾನು ತಕ್ಕಡಿ ನೋಡಿದೆ, ಫ್ಯಾನ್ ನೋಡಿದೆ. "ಎರಡು," ಅಂದೆ.

ಮೇಷ್ಟ್ರು ಬರೆದುಕೊಂಡರು. ಆಮೇಲೆ ತಲೆ ಎತ್ತದೆಯೇ ಕೇಳಿದರು: "ಎರಡನೇದು ಯಾಕ?"

"ಮೊದಲನೇ ಸಲ ಚೆನ್ನಾಗಿತ್ತು."